ನಾಲ್ಕು-ಹತ್ತರ ಮಹಿಮೆ

ಬಲ ಬೇಕೆಂದರೆ ವೇಗ ಬಿಡಬೇಕು. ವೇಗ ಬೇಕೆಂದರೆ ಬಲ ಬಿಡಬೇಕು. ಎರಡನ್ನೂ ಒಟ್ಟಿಗೆ ಕೊಡುವ ಗಾಡಿಯನ್ನು ಇನ್ನೂ ಯಾರೂ ಮಾಡಿಲ್ಲ. ಗೇರಿರುವ ಸೈಕಲ್ಲನ್ನು ಏರುದಾರಿಯಲ್ಲಿ ತುಳಿದ ಯಾವ ಮಗುವಿಗಾದರೂ ಇದು ಗೊತ್ತು, ನಿಮಗೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಈಗಲೇ ತಿಳಿದುಕೊಂಡುಬಿಡಿ. ಏಕೆಂದರೆ ಅಮೆರಿಕದ ಐಡಹೊ ಸೀಮೆಯ ಸ್ಕಿನ್ನರ್ ಕ್ರೀಕ್ ಎಂಬ ಊರಿನ ವರ್ಲಿನ್ ಹ್ಯಾಸ್ಕೆಟ್ ಎಂಬ ಗೃಹಸ್ಥ ಈ ಒಂದೇ ಒಂದು ಸತ್ಯವನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದಿಡೀ ಚಳಿಗಾಲ ಮನೆಯವರ ಪ್ರಾಣ ಹಿಂಡಿದ.

(ಸುಳ್ಳು ನಂಬಿ ಕೆಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಔಷಧವಿದೆ. ಆದರೆ ಅರ್ಧ ತಿಳಿದವನ ಕೈಗೆ ಪೂರ್ತಿ ಸತ್ಯವೊಂದು ಸಿಕ್ಕಿಬಿಟ್ಟರೆ ದೇವರೇ ಕಾಪಾಡಬೇಕು.)

ವರ್ಲಿನ್ನನ ದೂರೆಲ್ಲ ಅವನ ಟ್ರಕ್ಕಿನ ಮೇಲೆ. ಎಪ್ಪತ್ತೆಂಟನೆಯ ಇಸವಿಯ ಟ್ರಕ್ಕು, ಅವನ ಮದುವೆಗಿಂತ ಹಿರಿದು. ಒಂದು ಕಾಲಕ್ಕೆ ಹಸಿರಾಗಿತ್ತಂತೆ. ಅದರ ಬೆನ್ನಿಗೆ ಕಟ್ಟುವ ಟ್ರೇಲರಿನಲ್ಲಿ ಪ್ರಯಾಣ ಮಾಡುವವು ಅವನ ಹೆಂಡತಿ ಲವಾನ್ ಸಾಕಿದ ಎರಡು ಹೇಸರಗತ್ತೆಗಳು: ಪರ್ಲ್ ಮತ್ತು ಡೀಕನ್. ಬೇಸಿಗೆ ಬಂತೆಂದರೆ ಟೀಕೆಟಲ್ ಘಾಟಿಯ ಆಚೆ, ಬೆಟ್ಟದ ನೆತ್ತಿಯಲ್ಲಿರುವ ಕಾಡ್ಗಿಚ್ಚು ಕಾಯುವ ಗೋಪುರಕ್ಕೆ ದಿನಸಿ ಸಾಗಿಸುವುದು ಲವಾನಳ ಕೆಲಸ. ಗೋಪುರಕ್ಕೆ ರಸ್ತೆಯಿಲ್ಲ. ಅಲ್ಲಿ ಕೂತು ಹೊಗೆ ಹುಡುಕುವವರು ತಿನ್ನುವ ಬೀನ್ಸ್ ಕಾಳು, ಕುಡಿಯುವ ಕಾಫಿ, ಹೊದೆಯುವ ಕಂಬಳಿ ಎಲ್ಲವೂ ಈ ಎರಡು ಪ್ರಾಣಿಗಳ ಬೆನ್ನೇರಿಯೇ ಹೋಗಬೇಕು. ಅವು ಬೆಟ್ಟ ಏರಬೇಕಾದರೆ ಮೊದಲು ಟ್ರಕ್ಕು ಘಾಟಿ ಏರಬೇಕು.

ಹೋದ ಬೇಸಿಗೆಯಲ್ಲಿ ಟ್ರಕ್ಕು ಏರಲಿಲ್ಲ. ಏರಲಿಲ್ಲ ಅಂದರೆ ತೆವಳಿತು. ಅದು ಟೀಕೆಟಲ್ ಘಾಟಿ. ಹತ್ತುವ ಗಾಡಿಗಳ ಬಾನೆಟ್ಟಿನಿಂದ ಹಬೆ ಬಂದು ಬಂದೇ ಅದಕ್ಕೆ ಚಹಾ ಕೆಟಲಿನ ಹೆಸರು ಬಿದ್ದಿದ್ದು. ಆದರೂ ಇಷ್ಟು ಅವಮಾನ ಯಾವ ಟ್ರಕ್ಕಿಗೂ ಆಗಿರಲಿಕ್ಕಿಲ್ಲ. ಶಾಲೆಯ ಬಸ್ಸು ಹಿಂದೆ ಹಾಕಿತು. ಹುಲ್ಲಿನ ಲಾರಿ ಹಿಂದೆ ಹಾಕಿತು. ನಿವೃತ್ತ ದಂಪತಿಗಳಿಬ್ಬರು ತಮ್ಮ ಚಕ್ರದ ಮೇಲಿನ ಮನೆಯಲ್ಲಿ ಹಿಂದೆ ಹಾಕಿ, ಕಿಟಕಿಯಿಂದ ಕೈಬೀಸಿ ಹೋದರು.

"ವರ್ಲಿನ್, ಸುಟ್ಟ ವಾಸನೆ ಬರ್ತಿದೆ," ಎಂದಳು ಲವಾನ್. ಅವಳು ಪ್ರಯಾಣದಲ್ಲಿ ಯಾವಾಗಲೂ ಉಣ್ಣೆಯ ಕಾಲುಚೀಲ ಹೆಣೆಯುತ್ತಾಳೆ. ಕಡ್ಡಿಗಳನ್ನು ನಿಲ್ಲಿಸದೆಯೇ ಹೇಳಿದಳು.

"ಇಂಜಿನ್ ಕಣೇ. ಪಾಪ, ಒದ್ದಾಡ್ತಿದೆ."

"ಮುಂದಿಂದಲ್ಲ, ಹಿಂದಿಂದ. ಟ್ರೇಲರಿನ ಎಡಚಕ್ರದಿಂದ."

"ಗಾಳಿ ಹಿಂದಿಂದ ಬೀಸ್ತಿದೆ, ಅದಕ್ಕೇ ನಿಂಗೆ ಹಂಗನ್ನಿಸ್ತಿದೆ."

"ಹಿಂದಿಂದ ಬೀಸಿದ್ರೆ ಇಂಜಿನ್ ವಾಸನೆ ಮುಂದಕ್ಕೆ ಹೋಗ್ಬೇಕಲ್ಲ ಮಾರಾಯ?"

ವರ್ಲಿನ್ ರೇಡಿಯೋದ ಶಬ್ದ ಹೆಚ್ಚಿಸಿದ. (ಗಂಡಸರ ತರ್ಕಶಾಸ್ತ್ರದಲ್ಲಿ ಇದೊಂದು ಅಧಿಕೃತ ಅಧ್ಯಾಯ.) ತುದಿ ಮುಟ್ಟಿ ರಸ್ತೆಯ ಬದಿಗೆ ನಿಲ್ಲಿಸಿದಾಗ ಟ್ರಕ್ಕು ಕುದಿಯುತ್ತಿತ್ತು. ಟ್ರೇಲರಿನಿಂದ ಇಳಿದ ಪರ್ಲ್, ಬೆವರಿ ತೊಪ್ಪೆಯಾಗಿದ್ದರೂ ನೀರಿನ ಬಕೆಟ್ಟಿಗೆ ಬಾಯಿ ಹಾಕಲಿಲ್ಲ. ಕತ್ತು ಹೊರಳಿಸಿ ಎಡಗಡೆಯ ಚಕ್ರವನ್ನು ಮೂಸಿ, ಕಿವಿ ಹಿಂದಕ್ಕೆ ಮಡಚಿ, ಎರಡು ಹೆಜ್ಜೆ ದೂರ ಸರಿದು ನಿಂತಿತು.

"ನೋಡು, ಪರ್ಲ್ ಕೂಡ ಅದನ್ನೇ ಹೇಳ್ತಿದೆ. ಬ್ರೇಕ್ ನೋಡು, ವರ್ಲಿನ್."

"ಆ ಬ್ರೇಕನ್ನ ಮಾರ್ಚಿನಲ್ಲಿ ನಾನೇ ಕೈಯಾರೆ ಬಿಗಿ ಮಾಡಿದ್ದೀನಿ! ಈ ಟ್ರೇಲರಿನಲ್ಲಿ ನೋಡೋ ಅಗತ್ಯವೇ ಇಲ್ಲದ ಭಾಗ ಯಾವುದಾದ್ರೂ ಇದ್ರೆ ಅದೊಂದೇ. ಬಿಗಿ ಇದ್ರೆ ಭದ್ರ. ತೊಂದರೆ ಇರೋದು ರೇಷಿಯೋದಲ್ಲಿ."

ಹೀಗೆ ಆ ಪದ ಹ್ಯಾಸ್ಕೆಟ್ ಸಂಸಾರವನ್ನು ಪ್ರವೇಶಿಸಿತು.

ಟ್ರಕ್ಕಿನ ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್ಲಿನ ನಡುವೆ ಕುಂಬಳಕಾಯಿಯಂಥ ಒಂದು ಗುಂಡು ಇರುತ್ತದೆ. ಅದರೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿ, ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ. ಚಕ್ರ ಒಂದು ಸುತ್ತು ಸುತ್ತಬೇಕಾದರೆ ಇಂಜಿನ್ ಕಡೆಯಿಂದ ಬರುವ ಶಾಫ್ಟು ಎಷ್ಟು ಸುತ್ತು ಸುತ್ತಬೇಕು ಎನ್ನುವುದೇ ರೇಷಿಯೋ. ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು, ಓಟ ಕಡಿಮೆ. ಇಷ್ಟೇ ವಿಷಯ. ಇದನ್ನು ವರ್ಲಿನ್ ಆ ರಾತ್ರಿಯೂಟಕ್ಕೆ ಕೂತು ಮಾಂಸದ ಸಾರು ತಣ್ಣಗಾಗುವವರೆಗೆ ವಿವರಿಸಿ, ಕೊನೆಗೆ ಬಾಯಿ ಒರೆಸಿಕೊಂಡು ಹೇಳಿದ:

"ರೇಷಿಯೋ ಬದಲಾಯಿಸಿಯೂ ಬರುವ ಜೂನಿನಲ್ಲಿ ಘಾಟಿ ಹತ್ತದೇ ಹೋದ್ರೆ, ಭಾರ ಕಡಿಮೆ ಮಾಡೋದೊಂದೇ ದಾರಿ. ಕ್ಲೈಡ್ ಕೇಳ್ತಿದ್ದಾನೆ."

ಲವಾನಳ ಚಮಚ ನಿಂತಿತು. ಕ್ಲೈಡ್ ಎಂದರೆ ಬೇಟೆಯ ಬಿಡಾರ ನಡೆಸುವವನು. ಅವನಿಗೆ ಗೋಪುರದ ಕೆಲಸವೂ ಬೇಕಿತ್ತು, ಹೇಸರಗತ್ತೆಗಳೂ ಬೇಕಿದ್ದವು. ಅವನ ಪ್ರಾಣಿಗಳ ಬೆನ್ನಿನ ಮೇಲೆ ಜೀನಿನ ಹುಣ್ಣು ಮಾಯ್ದದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

"ಏನನ್ನ ಕೇಳ್ತಿದ್ದಾನೆ?"

"ಪರ್ಲ್ ಮತ್ತೆ ಡೀಕನ್ನ."

"ನಿನ್ನ ಟ್ರಕ್ಕು ಎಳೆಯಲ್ಲ ಅಂತ ನನ್ನ ಹೇಸರಗತ್ತೆ ಮಾರ್ತೀಯಾ?"

"ಒಂದು ಮಾತು ಹೇಳ್ದೆ. ಗಣಿತ ಹೇಳ್ದೆ."

"ಗಣಿತಕ್ಕೆ ಹೇಳು, ಇವತ್ತು ಅದರ ಹಾಸಿಗೆ ಸೋಫಾದ ಮೇಲೆ ಅಂತ."

ನನಗೆ ಕೋಪ ಬರುವುದು ಇಲ್ಲಿಯೇ. ಗುಡ್ಡ ಹತ್ತಲಾರದ್ದು ಟ್ರಕ್ಕು, ಬಿಗಿ ಮಾಡಿದ್ದು ಗಂಡ, ಹೊಗೆಯಲ್ಲಿ ಬೆವರುತ್ತ ನಿಂತದ್ದು ಹೇಸರಗತ್ತೆ. ಶಿಕ್ಷೆ ಯಾರಿಗೆ? ಬಾಯಿಲ್ಲದವಕ್ಕೆ. ಇದು ಐಡಹೊದಲ್ಲಿ ಮಾತ್ರ ನಡೆಯುವ ಸಂಗತಿ ಎಂದು ನೀವು ಅಂದುಕೊಂಡಿದ್ದರೆ ನಿಮ್ಮ ಬೀದಿಯಲ್ಲೊಮ್ಮೆ ನಡೆದು ಬನ್ನಿ.

ಇರಲಿ. ಮೊದಲ ಹಿಮ ಬಿತ್ತು, ಘಾಟಿ ಮುಚ್ಚಿತು, ಸಂಶೋಧನೆ ತೆರೆಯಿತು.

ಟ್ರಕ್ಕಿನಲ್ಲಿ ಈಗಿರುವ ರೇಷಿಯೋ ಎಷ್ಟೆಂದು ಮೊದಲು ತಿಳಿಯಬೇಕಲ್ಲ? ಆಕ್ಸಲ್ಲಿಗೆ ಅಂಟಿಸಿದ ತಗಡಿನ ಚೀಟಿ ತುಕ್ಕು ತಿಂದು ಯಾವ ಕಾಲಕ್ಕೋ ಉದುರಿಹೋಗಿತ್ತು. ಆಗ ಎಲ್ಲರೂ ಮಾಡುವುದನ್ನೇ ವರ್ಲಿನ್ನನೂ ಮಾಡಿದ: ಜಾಕಿ ಕೊಟ್ಟು ಹಿಂದಿನ ಚಕ್ರ ಎತ್ತಿ, ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು, ಚಕ್ರ ತಿರುಗಿಸಿ, ಗೀಟು ಎಷ್ಟು ಸಲ ಸುತ್ತಿತೆಂದು ಎಣಿಸುವುದು. ನೆರೆಮನೆಯ ಓರಿನ್ ಬೈಬೀ ಅವನ ಜೀವದ ಗೆಳೆಯ. ಓರಿನ್ನನ ಹೊಟ್ಟೆ ದೊಡ್ಡದು. ಆದರೂ ಗೆಳೆತನದ ಒತ್ತಾಯಕ್ಕೆ ಟ್ರಕ್ಕಿನಡಿ ತೂರಿಕೊಂಡು ಗೀಟು ನೋಡುತ್ತ ಮಲಗಿದ. ವರ್ಲಿನ್ ಹೊರಗೆ ಚಕ್ರ ಹಿಡಿದು ನಿಂತ. ಎರಡನೆಯ ಜಾಕಿ ಯಾರೋ ಎರವಲು ಒಯ್ದಿದ್ದರಿಂದ (ಒಯ್ದವನು ಓರಿನ್ನನೇ, ಅದು ಬೇರೆ ಕಥೆ) ಒಂದೇ ಬದಿಯ ಚಕ್ರ ಎತ್ತಿದ್ದಾಯಿತು. ವರ್ಲಿನ್ ಚಕ್ರವನ್ನು ನಿಧಾನಕ್ಕೆ, ಭಕ್ತಿಯಿಂದ, ಒಂದು ಸುತ್ತು ತಿರುಗಿಸಿದ.

"ಎಷ್ಟು?"

"ಎರಡು ಚಿಲ್ಲರೆ!" ಎಂದು ಕೆಳಗಿನಿಂದ ಕೂಗು ಬಂತು.

"ಎಷ್ಟು ಚಿಲ್ಲರೆ?"

"ಕಣ್ಣಿಗೆ ಗ್ರೀಸ್ ಬಿದ್ದಿದೆ ಮಾರಾಯ, ಎರಡು ಚಿಲ್ಲರೆ ಅಂದ್ನಲ್ಲ!"

ಎರಡು ಚಿಲ್ಲರೆ! ಬಯಲುಸೀಮೆಯ ಹೆದ್ದಾರಿಯಲ್ಲಿ ಕಾರು ಓಡಿಸುವವರ ರೇಷಿಯೋ ಅದು. ಪುಸ್ತಕದಲ್ಲಿ ಹುಡುಕಿದರೆ ಹತ್ತಿರದ್ದೆಂದರೆ ಎರಡು-ಎಪ್ಪತ್ಮೂರು, ಅಂದರೆ 2.73. ಭಾರ ಎಳೆಯುವ ಟ್ರಕ್ಕಿಗೆ ಅದನ್ನು ಹಾಕುವುದೆಂದರೆ ಉಳುವ ಎತ್ತಿಗೆ ಗೆಜ್ಜೆ ಕಟ್ಟಿ ನಾಟ್ಯಕ್ಕೆ ಕಳಿಸಿದ ಹಾಗೆ.

"ಯಾವನಾದ್ರೂ ಟ್ರಕ್ಕಿಗೆ ಎರಡು-ಎಪ್ಪತ್ಮೂರು ಹಾಕ್ತಾನೇನೋ?" ಓರಿನ್ ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ಇದನ್ನ ಮೊದಲು ಇಟ್ಕೊಂಡಿದ್ದವನು ನೆಬ್ರಾಸ್ಕಾದವನು," ಎಂದ ವರ್ಲಿನ್.

"ಓ!" ಎಂದ ಓರಿನ್. ಇಬ್ಬರಿಗೂ ಎಲ್ಲ ಅರ್ಥವಾಯಿತು. ಗುಡ್ಡವನ್ನೇ ಕಾಣದ ನಾಡಿನವನು ಏನು ಬೇಕಾದರೂ ಹಾಕಿರಬಹುದು. ಕಾಣದ ಊರಿನ ಕಾಣದ ಮನುಷ್ಯನ ಮೇಲೆ ಹೊರಿಸಿದ ತಪ್ಪಿನಷ್ಟು ಹಗುರವಾದದ್ದು ಲೋಕದಲ್ಲಿ ಬೇರೆ ಇಲ್ಲ.

ಮುಂದಿನ ಪ್ರಶ್ನೆ: ಯಾವುದನ್ನು ಹಾಕುವುದು? ಸ್ಕಿನ್ನರ್ ಕ್ರೀಕಿನ ಏಕೈಕ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಉದ್ದ ಮೇಜಿನಲ್ಲಿ, ಈ ವಿಷಯವಾಗಿ ಬೆಳಗಿನ ಕಾಫಿಗೆ ಕೂಡಿದವರಲ್ಲಿ ಮೂರು ಮತಗಳಾದವು. ಮೂರು-ಎಪ್ಪತ್ಮೂರರವರು ಮಧ್ಯಮ ಮಾರ್ಗಿಗಳು: ಗುಡ್ಡವೂ ಇರಲಿ, ಹೆದ್ದಾರಿಯೂ ಇರಲಿ. ನಾಲ್ಕು-ಐವತ್ತಾರರವರು ಉಗ್ರರು: ವೇಗ ಮಾಯೆ, ಎಳೆತವೊಂದೇ ನಿಜ. ಇವೆರಡರ ನಡುವೆ ನಾಲ್ಕು-ಹತ್ತರವರು. ಸಂಖ್ಯೆಯಲ್ಲಿ ಕಡಿಮೆ, ಗಂಟಲಿನಲ್ಲಿ ಹೆಚ್ಚು. ವರ್ಲಿನ್ ಮೊದಲ ವಾರ ಮಧ್ಯಮ ಮಾರ್ಗಿಯಾಗಿದ್ದ. ಕ್ರಿಸ್‌ಮಸ್ಸಿನ ಹೊತ್ತಿಗೆ ಉಗ್ರನಾದ. ಹೊಸ ವರ್ಷಕ್ಕೆ ನಾಲ್ಕು-ಹತ್ತರ ದೀಕ್ಷೆ ತೆಗೆದುಕೊಂಡು, ಉಳಿದವರನ್ನು ಪಾಷಂಡಿಗಳೆಂದು ಕರೆಯತೊಡಗಿದ.

ಮನೆಯಲ್ಲಿ ಹೇಗಿತ್ತೆಂದು ಕೇಳಬೇಡಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೇ ಲವಾನ್ ಸುಡುವ ಟರ್ಕಿ ಕೋಳಿಯ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಾಗ, ವರ್ಲಿನ್ ಮೇಜಿನ ಮೇಲೆ ದೊಡ್ಡ ಬಿಸ್ಕತ್ತೊಂದರ ಪಕ್ಕ ಚಿಕ್ಕದನ್ನಿಟ್ಟು ಕ್ರೌನು-ಪಿನಿಯನ್ನು ತಿರುಗಿಸಿ ತೋರಿಸುತ್ತಿದ್ದ.

"ವರ್ಲಿನ್, ಜಾಗ ಬಿಡು. ಕೈ ಸುಡ್ತಿದೆ."

"ಒಂದು ನಿಮಿಷ. ಇದು ಹೀಗೆ ತಿರುಗಿದ್ರೆ..."

"ಆ ಟ್ರೇಲರಿನ ಚಕ್ರಾನೂ ಹೀಗೇ ಸುಡ್ತಿತ್ತು. ಅದನ್ನ ಒಂದು ಸಲ ಎತ್ತಿ ತಿರುಗ್ಸಿ ನೋಡು, ಸಾಕು."

"ಟ್ರೇಲರಿಗೆ ಗೇರೇ ಇಲ್ವಲ್ಲೇ ಲವಾನ್! ಗೇರಿಲ್ಲದ್ದನ್ನ ಏನಂತ ನೋಡ್ಲಿ?"

ಲವಾನ್ ಟರ್ಕಿಯನ್ನು ಕ್ರೌನು-ಪಿನಿಯನ್ನಿನ ಮೇಲೆಯೇ ಇಟ್ಟಳು. ಬಿಸ್ಕತ್ತು ಪುಡಿಯಾಯಿತು. ಅನಂತರ ಅವಳು ಆ ವಿಷಯ ಎತ್ತಲಿಲ್ಲ. ಮೌನವನ್ನು ಸಮ್ಮತಿಯೆಂದು ತಿಳಿಯುವ ಹಳೆಯ ರೋಗ ವರ್ಲಿನ್ನನಿಗೂ ಇತ್ತು.

ಹಿಮ ಕರಗುವ ಹೊತ್ತಿಗೆ ಗುಜರಿಯೊಂದರಲ್ಲಿ ಅದೇ ವರ್ಷದ, ಅದೇ ಬಗೆಯ ಟ್ರಕ್ಕು ಪತ್ತೆಯಾಯಿತು. ಅದರ ಆಕ್ಸಲ್ಲಿನ ಮೇಲೆ ತಗಡಿನ ಚೀಟಿ ಇನ್ನೂ ಇತ್ತು. ಓರಿನ್ ಉಗುಳು ಹಚ್ಚಿ ಉಜ್ಜಿದರೆ ನಾಲ್ಕು-ಹತ್ತು ಎಂದು ಹೊಳೆಯಿತು. ಗೆಳೆಯರಿಬ್ಬರೂ ಟೋಪಿ ತೆಗೆದರು. ಇಡೀ ಆಕ್ಸಲ್ಲನ್ನೇ ಕಿತ್ತು ತಂದು, ಕೊಟ್ಟಿಗೆಯಲ್ಲಿ ವಾರಗಟ್ಟಲೆ ತುಕ್ಕಿನ ನಟ್ಟುಗಳಿಗೆ ಬೈದು, ಸುತ್ತಿಗೆಯಿಂದ ಹೊಡೆದು, ಬೆರಳು ಜಜ್ಜಿಕೊಂಡು, ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದರು. ಹಳೆಯ ಆಕ್ಸಲ್ಲು ಗೋಡೆಯ ಬದಿಯ ಲೈಲಾಕ್ ಗಿಡದ ಕೆಳಗೆ ಹೋಗಿ ಬಿತ್ತು.

ವರ್ಲಿನ್ ಕಸುಬುದಾರಿಕೆಯಲ್ಲಿ ಕಡಿಮೆಯವನಲ್ಲ. ರೇಷಿಯೋ ಬದಲಾದರೆ ವೇಗದ ಮೀಟರು ತಪ್ಪು ತೋರಿಸುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಎರಡು-ಎಪ್ಪತ್ಮೂರರಿಂದ ನಾಲ್ಕು-ಹತ್ತಕ್ಕೆ ಎಷ್ಟು ವ್ಯತ್ಯಾಸವೋ ಅಷ್ಟನ್ನೂ ಲೆಕ್ಕ ಹಾಕಿ, ಗೇರ್‌ಬಾಕ್ಸಿನ ಹಿಂದೆ ಮೀಟರಿನ ತಂತಿ ತಿರುಗಿಸುವ ಪುಟ್ಟ ಪ್ಲಾಸ್ಟಿಕ್ ಹಲ್ಲುಗಾಲಿಯನ್ನೂ ಬದಲಾಯಿಸಿದ. "ಇದನ್ನ ಹತ್ತರಲ್ಲಿ ಒಂಬತ್ತು ಜನ ಮರೀತಾರೆ," ಎಂದು ಓರಿನ್ನನಿಗೆ ಹೇಳಿದ. ಈ ಪ್ಲಾಸ್ಟಿಕ್ ಗಾಲಿಯನ್ನು ನೀವೂ ಮರೆಯಬೇಡಿ.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಲವಾನ್ ಮೊಣಕೈವರೆಗೆ ಕಪ್ಪು ಮಸಿ ಮಾಡಿಕೊಂಡು ಹಿತ್ತಲಿನಿಂದ ಒಳಗೆ ಬಂದಳು. ಕೈಯಲ್ಲೊಂದು ಬಗ್ಗಿದ ಸ್ಕ್ರೂಡ್ರೈವರ್.

"ಎಲ್ಲಿ ಹೋಗಿದ್ದೆ?" ಎಂದ ವರ್ಲಿನ್, ನಾಲ್ಕು-ಹತ್ತರ ಕನಸಿನಿಂದ ತಲೆಯೆತ್ತದೆ.

"ಪರ್ಲ್ ಜೊತೆ ಸ್ವಲ್ಪ ಮಾತಿತ್ತು."

"ಏನಂತೆ?"

"ಅದರ ಮಾತು ಸರಿ ಇತ್ತಂತೆ."

"ಒಳ್ಳೇದಾಯ್ತು," ಎಂದ ವರ್ಲಿನ್.

ಜೂನ್ ಬಂತು. ಘಾಟಿ ತೆರೆಯಿತು. ಟ್ರೇಲರಿನಲ್ಲಿ ಪರ್ಲ್, ಡೀಕನ್. ಟ್ರಕ್ಕಿನಲ್ಲಿ ಹಿಟ್ಟಿನ ಚೀಲಗಳು, ಕಾಫಿ, ಹಂದಿಮಾಂಸ, ಲವಾನ್ ಮತ್ತು ಅವಳ ಹೊಸ ಕಾಲುಚೀಲ. ಮನೆ ಬಿಡುವ ಮುಂಚೆ ಅವಳು ಟ್ರೇಲರಿನ ಹಿಂದೆ ಬಹಳ ಹೊತ್ತು ನಿಂತು ಪರ್ಲಿನ ಹಣೆಯ ಕೂದಲನ್ನು ಬೆರಳಿನಿಂದ ಬಾಚುತ್ತಿದ್ದಳು. ವರ್ಲಿನ್ ಹಾರನ್ ಒತ್ತಲು ಹೋದವನು ಯಾಕೋ ಒತ್ತಲಿಲ್ಲ. ಗೆದ್ದರೆ ನಾಲ್ಕು-ಹತ್ತು, ಸೋತರೆ ಕ್ಲೈಡ್. 

ಏರು ಶುರುವಾಯಿತು. ವರ್ಲಿನ್ ಉಸಿರು ಬಿಗಿಹಿಡಿದ.

ಟ್ರಕ್ಕು ಏರಿತು. ಗೊಣಗದೆ, ಕುದಿಯದೆ, ತವರುಮನೆಗೆ ಹೊರಟ ಹುಡುಗಿಯ ಹಾಗೆ ಏರಿತು. ಹಿಂದಿನಿಂದ ಹೊಸ ಆಕ್ಸಲ್ಲು ತೋಳದ ಮರಿಯಂತೆ ಸಣ್ಣಗೆ ಊಳಿಡುತ್ತಿತ್ತು, ನಿಜ. "ಅದು ಬಲದ ದನಿ," ಎಂದ ವರ್ಲಿನ್. ಮೀಟರಿನ ಮುಳ್ಳು ಇಪ್ಪತ್ನಾಲ್ಕು ಮೈಲಿಯ ಹತ್ತಿರ ನಿಂತಿತ್ತು.

"ನೋಡ್ದ್ಯಾ ಲವಾನ್? ವೇಗ ಜಾಸ್ತಿ ಇಲ್ಲ. ಆದ್ರೆ ಬಲ ನೋಡು! ಬಲ ಬೇಕಂದ್ರೆ ವೇಗ ಬಿಡಬೇಕು. ಸೃಷ್ಟಿಯ ನಿಯಮ."

ಲವಾನ್ ಕಾಲುಚೀಲವನ್ನು ಎತ್ತಿ ಬೆಳಕಿಗೆ ಹಿಡಿದಳು.

"ಹೋದ ವರ್ಷ ಇಲ್ಲಿಗೆ ಬರೋಷ್ಟರಲ್ಲಿ ಒಂದು ಕಾಲಿಂದು ಪೂರ್ತಿ ಮುಗಿದಿತ್ತು. ಈಗ ಹಿಮ್ಮಡಿಗೂ ಬಂದಿಲ್ಲ."

"ಅದಕ್ಕೇನೀಗ?"

"ಏನಿಲ್ಲ. ನಿನ್ನ ಮೀಟರ್ ಇಪ್ಪತ್ನಾಲ್ಕು ಅಂತಿದೆ, ನನ್ನ ಕಾಲುಚೀಲ ಬೇರೇನೋ ಅಂತಿದೆ."

"ಕಾಲುಚೀಲದಲ್ಲಿ ವೇಗ ಅಳೆಯೋ ಹೆಂಗಸು ನೀನೊಬ್ಳೇ ಕಣೇ!"

ಹೋದ ವರ್ಷದ ನಿವೃತ್ತ ದಂಪತಿಯಂಥವರನ್ನು (ಅವರೇ ಇದ್ದರೂ ಇರಬಹುದು) ವರ್ಲಿನ್ ಹಿಂದೆ ಹಾಕಿದ, ಕೈಬೀಸಿದ. ತುದಿ ಮುಟ್ಟಿದ. ಇಳಿದ. ತಿರುವುಗಳೆಲ್ಲ ಮುಗಿದು ಕಣಿವೆಯ ಉದ್ದನೆಯ ಇಳಿಜಾರು ರಸ್ತೆ ಸಿಕ್ಕಿತು. ಅಲ್ಲಿ ಮಿತಿ ನಲವತ್ತೈದು. ಮೀಟರು ನಲವತ್ತು. ಕಾನೂನಿಗಿಂತಲೂ ವಿನಯವಂತನಾದ ಪ್ರಜೆಯ ಮುಖಭಾವದಲ್ಲಿ ವರ್ಲಿನ್ ಸಿಳ್ಳೆ ಹಾಕತೊಡಗಿದ.

"ವರ್ಲಿನ್, ಬೇಲಿಗೂಟಗಳು ಓಡ್ತಿವೆ."

"ನಲವತ್ತರಲ್ಲಿದ್ದೀವಿ."

"ವರ್ಲಿನ್, ನನ್ನ ಹೇಸರಗತ್ತೆಗಳಿವೆ ಹಿಂದೆ. ನಿಧಾನ ಮಾಡು."

"ನಲವತ್ತು ಕಣೇ! ಕಣ್ಣಾರೆ ನೋಡು!"

ಅಷ್ಟರಲ್ಲಿ ಹಿಂದೆ ಕೆಂಪು-ನೀಲಿ ದೀಪ ಮಿನುಗಿತು. ವರ್ಲಿನ್ ಬ್ರೇಕ್ ತುಳಿದ. ಟ್ರಕ್ಕೂ ಟ್ರೇಲರೂ ಒಟ್ಟಿಗೆ, ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ, ಸದ್ದಿಲ್ಲದೆ ಬದಿಗೆ ಬಂದು ನಿಂತವು. ಅಷ್ಟು ಚೆನ್ನಾಗಿ ಆ ಟ್ರೇಲರು ಎಂದೂ ನಿಂತಿರಲಿಲ್ಲ. ಲವಾನ್ ಹಿಡಿದಿದ್ದ ಉಸಿರನ್ನು ನಿಧಾನಕ್ಕೆ ಬಿಟ್ಟಳು. ವರ್ಲಿನ್ ಗಮನಿಸಲಿಲ್ಲ, ಅವನು ಕನ್ನಡಿ ನೋಡುತ್ತಿದ್ದ.

ಬಂದವಳು ಟ್ಯಾಮ್ಸಿನ್ ರೂಡ್, ಶೆರಿಫನ ಕಚೇರಿಯ ಪೊಲೀಸು. ಚಿಕ್ಕವಳಿದ್ದಾಗ ಲವಾನಳ ಹತ್ತಿರವೇ ಕುದುರೆ ಸವಾರಿ ಕಲಿತವಳು.

"ನಮಸ್ಕಾರ ಮಿಸೆಸ್ ಹ್ಯಾಸ್ಕೆಟ್. ಪರ್ಲ್ ಚೆನ್ನಾಗಿದ್ಯಾ? ಮಿಸ್ಟರ್ ಹ್ಯಾಸ್ಕೆಟ್, ಎಷ್ಟರಲ್ಲಿ ಬರ್ತಿದ್ರಿ ಗೊತ್ತಾ?"

"ನಲವತ್ತು."

"ಅರವತ್ತು."

ವರ್ಲಿನ್ ನಕ್ಕ. ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ, "ನೋಡಮ್ಮ, ಇದು ನಾಲ್ಕು-ಹತ್ತರ ಆಕ್ಸಲ್. ಈ ಇಂಜಿನ್ ಸದ್ದಿಗೆ ಅರವತ್ತು ಹೋಗೋ ಪೈಕಿಯೇ ಅಲ್ಲ. ಮೀಟರನ್ನೂ ನಾನೇ ಕೈಯಾರೆ ಸರಿ ಮಾಡಿದ್ದೀನಿ. ನಿಮ್ಮ ವೇಗ ಅಳೆಯೋ ಯಂತ್ರ ತೋರ್ಸಿಕೊಳ್ಳಿ ಯಾರಿಗಾದ್ರೂ," ಎಂದ.

"ಈ ಯಂತ್ರವನ್ನ ಬೆಳಿಗ್ಗೆ ತಾನೇ ಪರೀಕ್ಷೆ ಮಾಡಿ ತಂದಿದ್ದೀನಿ ಸರ್. ನೀವು ಕೈಯಾರೆ ಇನ್ನೇನೇನು ಸರಿ ಮಾಡಿದ್ದೀರಿ?"

"ಟ್ರೇಲರಿನ ಬ್ರೇಕು," ಎಂದಳು ಲವಾನ್, ಹೆಣಿಗೆಯಿಂದ ಕಣ್ಣೆತ್ತದೆ. ಅವಳ ತುಟಿಯ ಅಂಚು ಕುಣಿಯುತ್ತಿತ್ತು.

ಟ್ಯಾಮ್ಸಿನ್ ದಂಡ ಹಾಕಲಿಲ್ಲ. ಎಚ್ಚರಿಕೆ ಕೊಟ್ಟಳು, ಪರ್ಲಿಗೆ ಒಂದು ಸೇಬು ಕೊಟ್ಟಳು, ಮೀಟರನ್ನು ನಂಬಬೇಡಿ ಎಂದು ಎರಡು ಸಲ ಹೇಳಿ ಹೋದಳು. ಗೋಪುರದ ಬುಡದ ಬಯಲಿನಲ್ಲಿ ಹೇಸರಗತ್ತೆಗಳನ್ನು ಇಳಿಸಿದಾಗ ಅವುಗಳ ಮೈ ಒಣಗಿತ್ತು. ಪರ್ಲ್ ಕತ್ತು ಹೊರಳಿಸಿ ಎಡಚಕ್ರವನ್ನು ಮೂಸಿತು. ಕಿವಿ ಮಡಚಲಿಲ್ಲ. ಬಕೆಟ್ಟಿಗೆ ಬಾಯಿಹಾಕಿ ನೀರು ಕುಡಿಯಿತು, ಬಹಳ ಹೊತ್ತು. ಲವಾನ್ ಅದರ ಕತ್ತಿಗೆ ಹಣೆಯೊತ್ತಿ ನಿಂತುಬಿಟ್ಟಳು.

"ಹಾಗಾದ್ರೆ ಕ್ಲೈಡಿಗೆ ಏನು ಹೇಳ್ಲಿ?" ಎಂದಳು ತಿರುಗದೆಯೇ.

"ಕ್ಲೈಡಾ? ಅವನು ಯಾರು?" ಎಂದ ವರ್ಲಿನ್.

ಕಥೆ ಇಲ್ಲಿಗೇ ಮುಗಿದಿದ್ದರೆ ವರ್ಲಿನ್ ಇವತ್ತಿಗೂ ಆ ಕಿಟಕಿ ಪಕ್ಕದ ಮೇಜಿನಲ್ಲಿ ನಾಲ್ಕು-ಹತ್ತರ ಜಗದ್ಗುರುವಾಗಿರುತ್ತಿದ್ದ. ಒಂದು ವಾರ ಆಗಿಯೂ ಇದ್ದ. ಪ್ರವಚನ ಕೇಳಲು ಮೂರು-ಎಪ್ಪತ್ಮೂರರವರೂ ಬಂದು ಕೂರುತ್ತಿದ್ದರು. ಕೆಡಿಸಿದವನು ಜೀವದ ಗೆಳೆಯ. ಓರಿನ್ನನಿಗೆ ಬಯಲುಸೀಮೆಯಲ್ಲಿರುವ ಮಗಳ ಮನೆಗೆ ಹೋಗಿಬರಲು ಹೆದ್ದಾರಿಯ ರೇಷಿಯೋ ಬೇಕಿತ್ತು. ಹಳೆಯ ಎರಡು-ಎಪ್ಪತ್ಮೂರನ್ನು ತನಗೆ ಕೊಡು ಎಂದು ಬಂದ. ಒಯ್ಯುವ ಮುಂಚೆ ಒಳಗಿನ ಹಲ್ಲು ಚೆನ್ನಾಗಿವೆಯೇ ನೋಡೋಣವೆಂದು, ಲೈಲಾಕ್ ಗಿಡದ ಕೆಳಗೆ ಕೂತು ಗುಂಡಿನ ಮುಚ್ಚಳ ಬಿಚ್ಚಿದ. ಬಟ್ಟೆಯಿಂದ ಕ್ರೌನಿನ ಅಂಚು ಒರೆಸಿದ. ಅಲ್ಲಿ ಕಾರ್ಖಾನೆಯವರು ಹಲ್ಲಿನ ಲೆಕ್ಕ ಕೊರೆದಿರುತ್ತಾರೆ.

ಇನ್ನೊಮ್ಮೆ ಒರೆಸಿ, ಮತ್ತೆ ಓದಿದ.

"ವರ್ಲಿನ್."

"ಏನೋ?"

"ದೊಡ್ಡದರಲ್ಲಿ ನಲವತ್ತೊಂದು ಹಲ್ಲು. ಚಿಕ್ಕದರಲ್ಲಿ ಹತ್ತು."

ವರ್ಲಿನ್ ಬೆರಳು ಮಡಚಿ ಭಾಗಾಕಾರ ಮಾಡಿದ. ಇನ್ನೊಂದು ಸಲ ಮಾಡಿದ. ನಲವತ್ತೊಂದನ್ನು ಹತ್ತರಿಂದ ಭಾಗಿಸಿದರೆ ಎಷ್ಟು ಸಲ ಮಾಡಿದರೂ ಬರುವುದು ಒಂದೇ.

"ನಾಲ್ಕು-ಹತ್ತು," ಎಂದ. 

"ಮೊದಲಿಂದ್ಲೂ ನಾಲ್ಕು-ಹತ್ತು! ನಾಲ್ಕು-ಹತ್ತು ತೆಗೆದು ನಾಲ್ಕು-ಹತ್ತು ಹಾಕಿದ್ದೀವಲ್ಲೋ! ಅವತ್ತು ಎಣಿಸುವಾಗ ಚಕ್ರ ಎಷ್ಟು ಸುತ್ತು ತಿರುಗ್ಸಿದ್ದೆ?"

"ಒಂದು."

"ಎತ್ತಿದ್ದು ಒಂದೇ ಬದಿ?"

"ಒಂದೇ. ಇನ್ನೊಂದು ಜಾಕಿ ನಿನ್ನ ಹತ್ರ ಇತ್ತಲ್ಲ."

ಓರಿನ್ ತಲೆ ಮೇಲೆ ಕೈಹೊತ್ತ. "ಒಂದು ಚಕ್ರ ನೆಲದ ಮೇಲೇ ಇದ್ರೆ ಇನ್ನೊಂದನ್ನ ಎರಡು ಸುತ್ತು ತಿರುಗ್ಸಬೇಕು ಮಾರಾಯ! ಒಂದೇ ಸುತ್ತಿಗೆ ಅರ್ಧ ಲೆಕ್ಕ ಬರುತ್ತೆ! ನೀನು ಎರಡು ತಿರುಗ್ಸಿದ್ದೀಯ ಅಂತ ನಾನು ಕೆಳಗೆ ನಂಬಿಕೊಂಡು ಮಲಗಿದ್ದೆ. ಪಾಪ, ಆ ನೆಬ್ರಾಸ್ಕಾದವನು!"

ವರ್ಲಿನ್ನನ ತಲೆಯೊಳಗೆ ಒಂದೊಂದಾಗಿ ಬಾಗಿಲು ತೆರೆದವು. ರೇಷಿಯೋ ಬದಲಾಗಿರಲಿಲ್ಲ. ಹಾಗಾದರೆ ಮೊದಲು ಸರಿಯಿದ್ದ ಮೀಟರನ್ನು ಪ್ಲಾಸ್ಟಿಕ್ ಗಾಲಿ ಹಾಕಿ ಕೆಡಿಸಿದವನು ತಾನೇ. ಹಾಗಾದರೆ ಇಳಿಜಾರಿನಲ್ಲಿ ನಿಜಕ್ಕೂ ಅರವತ್ತು. ಹಾಗಾದರೆ ಕಾಲುಚೀಲವೇ ಸರಿ. ಕೊನೆಯ ಬಾಗಿಲು ಬಲು ನಿಧಾನಕ್ಕೆ ತೆರೆಯಿತು.

"ಲವಾನ್! ಏನೂ ಬದಲಾಗದೆ ಇದ್ರೆ, ಟ್ರಕ್ಕು ಘಾಟಿ ಹೆಂಗೆ ಹತ್ತಿತು?"

ಅಡುಗೆಮನೆಯ ಕಿಟಕಿಯಲ್ಲಿ ಲವಾನ್ ಪೈ ಹಿಟ್ಟಿನ ಕೈಯೊರೆಸುತ್ತ ನಿಂತಿದ್ದಳು. ಈ ಪ್ರಶ್ನೆಗೆ ಅವಳು ಒಂದು ವರ್ಷ ಕಾದಿದ್ದಳು.

"ನಿನ್ನ ಭದ್ರವಾದ ಬ್ರೇಕನ್ನ ನಾನು ಸಡಿಲ ಮಾಡ್ದೆ. ಜಾಕಿ ಕೊಟ್ಟು ಎಡಚಕ್ರ ಎತ್ತಿದ್ರೆ ಎರಡು ಕೈಯಲ್ಲಿ ತಳ್ಳಿದ್ರೂ ತಿರುಗ್ಲಿಲ್ಲ, ಅಷ್ಟು ಬಿಗಿ ಮಾಡಿದ್ದೆ ನೀನು. ಹೋದ ವರ್ಷ ಇಡೀ ಘಾಟೀನ ನೀನು ಬ್ರೇಕ್ ಹಾಕ್ಕೊಂಡೇ ಹತ್ತಿದ್ದು, ಚಿನ್ನ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಬಿದ್ದದ್ದು ಆಕ್ಸಲ್ಲಿಗೆ. ಇನ್ನೊಂದು ಬೀಳಲಿದ್ದದ್ದು ಹೇಸರಗತ್ತೆಗಳಿಗೆ.

"ನನಗೆ ಯಾಕೆ ಹೇಳ್ಲಿಲ್ಲ?" ಎಂದ ವರ್ಲಿನ್.

ಓರಿನ್ ಮೆಲ್ಲಗೆ ಎದ್ದು, ಯಾರಿಗೂ ಕಾಣದಂತೆ ಗಿಡದ ಹಿಂದೆ ಸರಿದ. ಅವನಿಗೂ ಮದುವೆಯಾಗಿತ್ತು.

"ಹೇಳ್ಲಿಲ್ವಾ? ಘಾಟಿಯ ಮಧ್ಯದಲ್ಲಿ ಹೇಳ್ದೆ, ನೀನು ರೇಡಿಯೋ ಜೋರು ಮಾಡ್ದೆ. ತುದೀಲಿ ಹೇಳ್ದೆ, ಪರ್ಲ್ ಕೈಲೂ ಹೇಳಿಸ್ದೆ. ಕೈಯಲ್ಲಿ ಸುಡೋ ಟರ್ಕಿ ಹಿಡ್ಕೊಂಡು ಹೇಳ್ದೆ, ನೀನು ಟ್ರೇಲರಿಗೆ ಗೇರಿಲ್ಲ ಅಂದೆ. ಇನ್ನು ಚರ್ಚಿನಲ್ಲಿ ಪಾದ್ರಿಗಳ ಬಾಯಲ್ಲಿ ಹೇಳಿಸಬೇಕಿತ್ತಾ?"

ವರ್ಲಿನ್ ಹುಲ್ಲಿನ ಮೇಲೆ ಕೂತ. ಅವನಿಗೆ ಅವಮಾನವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಿಂದ ಇನ್ನೊಂದು ಏನೋ ಮೇಲೆ ಬಂದು ಅದನ್ನು ಮುಳುಗಿಸಿತು. ಪರ್ಲ್ ಬೇಲಿಯ ಆಚೆ ಬಾಲದಿಂದ ನೊಣ ಓಡಿಸುತ್ತಿತ್ತು, ಡೀಕನ್ ಪಕ್ಕದಲ್ಲೇ ತೂಕಡಿಸುತ್ತಿತ್ತು. ಲವಾನ್ ಬ್ರೇಕ್ ಸಡಿಲ ಮಾಡದೆ ಇದ್ದಿದ್ದರೆ, ಒಂದು ಜಾಕಿ ಇಲ್ಲದ್ದಕ್ಕೆ, ಒಂದು ಸುತ್ತು ಕಡಿಮೆ ತಿರುಗಿಸಿದ್ದಕ್ಕೆ, ಅವೆರಡೂ ಕ್ಲೈಡನ ಕೊಟ್ಟಿಗೆಯಲ್ಲಿ ಹುಣ್ಣುಬೆನ್ನು ಹೊತ್ತು ನಿಂತಿರುತ್ತಿದ್ದವು. ನಿಂತಿರಲಿಲ್ಲ. ಇಲ್ಲಿಯೇ ಇದ್ದವು. ಅವನು ಎದ್ದು ಹೋಗಿ, ಟೋಪಿ ತೆಗೆದು, ಬೇಲಿಯ ಮೇಲಿನಿಂದ ಪರ್ಲಿನ ಕಿವಿಯಲ್ಲಿ ಏನೋ ಹೇಳಿದ. ಏನೆಂದು ಯಾರಿಗೂ ಕೇಳಲಿಲ್ಲ. ಪರ್ಲ್ ಅವನ ಟೋಪಿಯ ಅಂಚನ್ನು ಕಚ್ಚಿ ಹರಿಯಿತು.

"ಕ್ಷಮಿಸಿತಂತಾ?" ಲವಾನ್ ಕಿಟಕಿಯಿಂದ ಕೇಳಿದಳು.

"ಯೋಚನೆ ಮಾಡುತ್ತಂತೆ."

"ಹಾಗಾದ್ರೆ ಒಳಗೆ ಬಾ. ಪೈ ಆಗಿದೆ. ಸರದಿಯಲ್ಲಿ ಮುಂದಿನವಳು ನಾನು."

ಹಳೆಯ ಆಕ್ಸಲ್ಲು ಊಳಿಡುತ್ತಿರಲಿಲ್ಲ, ಹೊಸದು ಊಳಿಡುತ್ತದೆ. ಮತ್ತೆ ಅದಲುಬದಲು ಮಾಡೋಣವೇ ಎಂದು ವರ್ಲಿನ್ ಒಮ್ಮೆ ಕೇಳಿದ. ಬೇಡ, ಇರಲಿ, ಎಂದಳು ಲವಾನ್. ಆ ದನಿ ತನಗೆ ಇಷ್ಟವಂತೆ. ಘಾಟಿ ಹತ್ತುವಾಗ ಅದು ಹಿಂದಿನಿಂದ ಸಣ್ಣಗೆ ಊಳಿಡುತ್ತದೆ, ಅವಳು ಹೆಣೆಯುತ್ತಾಳೆ. ರೇಡಿಯೋ ಹಾಕುವ ಧೈರ್ಯ ವರ್ಲಿನ್ನನಿಗೆ ಈಗ ಇಲ್ಲ.

ನೀವು ನಗುತ್ತಿದ್ದೀರಿ. ನಗಿ, ತಪ್ಪಿಲ್ಲ. ಆದರೆ ನಿಮ್ಮ ಮನೆಯಲ್ಲೂ ಒಬ್ಬರು ಒಂದು ಮಾತನ್ನು ಮೂರು ಸಲ ಹೇಳಿ ಸುಮ್ಮನಾಗಿದ್ದಾರೆ. ನೀವು ಆಗ ಯಾವುದೋ ಬಿಸ್ಕತ್ತು ತಿರುಗಿಸುತ್ತ ಕೂತಿದ್ದಿರಿ. ಈ ಕಥೆಯನ್ನು ಪಕ್ಕಕ್ಕಿಟ್ಟು ಏಳಿ. ಅವರ ಮುಂದೆ ಹೋಗಿ ನಿಂತು, ನಾಲ್ಕನೆಯ ಸಲ ಹೇಳಿಸಿಕೊಳ್ಳಿ. ಆಮೇಲೆ ಒಂದು ಮಾತೂ ಆಡದೆ ಹೊರಗೆ ಹೋಗಿ ಆ ಚಕ್ರ ಮುಟ್ಟಿ ನೋಡಿ.